ದಾನಿ ಬೇಕು, ಶಿಕ್ಷಕರ ಬದಲಿಗಲ್ಲ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ಸರ್ಕಾರಿ ಶಾಲೆಯ ಮಾತೆತ್ತಿದರೆ ಒಂದು ಅಭಿಪ್ರಾಯ ತಪ್ಪದೆ ಕೇಳಿಬರುತ್ತದೆ: ಯಾರಾದರೂ ದೊಡ್ಡ ಉದ್ಯಮಿ ದತ್ತು ತೆಗೆದುಕೊಂಡರೆ ಸಾಕು, ಶಾಲೆ ಉದ್ಧಾರವಾಗುತ್ತದೆ. ವೇದಿಕೆಯ ಮೇಲೆ ರಾಜಕಾರಣಿಗಳು ಇದನ್ನೇ ಹೇಳುತ್ತಾರೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರೂ, ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಬೆಂಗಳೂರಿನಿಂದ ಬಂದವರೂ ಇದನ್ನೇ ಹೇಳುತ್ತಾರೆ. ವಿಜ್ಞಾನದ ವಿಷಯಕ್ಕೆ ಬಂದರಂತೂ ಈ ನಂಬಿಕೆ ಇನ್ನೂ ಗಟ್ಟಿ. ಬಿಡದಿಯಲ್ಲಿ, ಹಾರೋಹಳ್ಳಿಯಲ್ಲಿ ಇಷ್ಟೊಂದು ಕಾರ್ಖಾನೆಗಳಿವೆ, ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಸಿರಿವಂತರು ಪಕ್ಕದ ಬೆಂಗಳೂರಿನಲ್ಲಿದ್ದಾರೆ, 2025ರಿಂದ ರಾಮನಗರ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಗಿದೆ. ಇನ್ನೇನು, ಒಬ್ಬ ಪುಣ್ಯಾತ್ಮ ಮನಸ್ಸು ಮಾಡಿ ಶಾಲೆಗೊಂದು ಲ್ಯಾಬ್ ಕಟ್ಟಿಸಿಕೊಟ್ಟರೆ ನಮ್ಮ ಮಕ್ಕಳೂ ವಿಜ್ಞಾನಿಗಳಾಗುತ್ತಾರೆ ಎಂಬುದು ಎಲ್ಲರ ಲೆಕ್ಕ.

ಈ ಲೆಕ್ಕ ತಪ್ಪು ಎಂದು ಹೇಳುವುದಕ್ಕೇ ಈ ಲೇಖನ. ಉದ್ಯಮಿಗಳು ಕೊಡಬಾರದು ಎಂಬುದು ನನ್ನ ವಾದವಲ್ಲ, ಅವರು ಈಗಿನದಕ್ಕಿಂತ ಹೆಚ್ಚು ಕೊಡಬೇಕು. ಆದರೆ ಮಕ್ಕಳ ತಲೆಗೆ ವಿಜ್ಞಾನ ಹೋಗುವುದು ಶಿಕ್ಷಕರ ಮೂಲಕ. ಶಿಕ್ಷಕರಿಲ್ಲದ ಶಾಲೆಗೆ ಬಂದ ಉಪಕರಣ, ಸರ್ಕಾರದ ಹೊಣೆಯನ್ನು ಮರೆಮಾಡುತ್ತದೆಯೇ ಹೊರತು ಯಾವ ಮಗುವಿಗೂ ವಿಜ್ಞಾನ ಕಲಿಸುವುದಿಲ್ಲ. ವಿಜ್ಞಾನಕ್ಕೆ ನಿಜವಾಗಿ ನೆರವಾದ ಉದ್ಯಮಿಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅದನ್ನು ನಾವು ಸರಿಯಾಗಿ ಓದಿಲ್ಲ, ಅಷ್ಟೇ.

ದಾನವೆಂದರೆ ಲ್ಯಾಬ್ ಎಂಬ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವಿರುವ ಊರಿನ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಒಳ್ಳೆಯ ಕಾಯ್ದೆ. ಆದರೆ ಹಣವನ್ನು ಹಣಕಾಸು ವರ್ಷದೊಳಗೆ ಖರ್ಚು ಮಾಡಿ ಲೆಕ್ಕ ತೋರಿಸಬೇಕು. ಮುಂದುವರಿಯುವ ಯೋಜನೆ ಎಂದು ತೋರಿಸಿದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷದೊಳಗೆ ಮುಗಿಯಬೇಕು. ಒಬ್ಬ ಹುಡುಗಿ ಆರನೇ ತರಗತಿಯಿಂದ ಎಸ್ಸೆಸ್ಸೆಲ್ಸಿ ಮುಗಿಸಲು ಬೇಕಾದ ಕಾಲವೂ ಅದರಲ್ಲಿಲ್ಲ. ಇಷ್ಟು ಕಡಿಮೆ ಕಾಲದಲ್ಲಿ ಮಾಡಿ ಮುಗಿಸಬಹುದಾದದ್ದು ಏನು? ಕೊಠಡಿಗೆ ಬಣ್ಣ, ಗೋಡೆಗೆ ಸೌರಮಂಡಲದ ಚಿತ್ರ, ಮೇಜು, ಕಿಟ್, ಸ್ಮಾರ್ಟ್ ಬೋರ್ಡ್, ಉದ್ಘಾಟನೆ, ಫೋಟೊ. ಎಲ್ಲ ಒಂದೇ ವರ್ಷದ ವರದಿಯಲ್ಲಿ ಬಂದುಬಿಡುತ್ತದೆ. ಒಬ್ಬ ಶಿಕ್ಷಕಿ ಹತ್ತು ವರ್ಷದಲ್ಲಿ ನುರಿತ ಶಿಕ್ಷಕಿಯಾಗುವುದು ಯಾವ ವರದಿಯ ಫೋಟೊಗೂ ಸಿಗುವುದಿಲ್ಲ.

ಸರ್ಕಾರದ ಯೋಚನೆಯೂ ಇದೇ ದಾರಿ ಹಿಡಿದಿದೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50 ಸಾವಿರ ಲ್ಯಾಬ್ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಇತ್ತ ನಮ್ಮ ರಾಜ್ಯದ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಹುದ್ದೆಯೋ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಹುದ್ದೆಯೋ ಖಾಲಿಯಾದರೆ ಆ ಜಾಗಕ್ಕೆ ಬರುವವರು ಅತಿಥಿ ಶಿಕ್ಷಕರು. 2025ರ ರಾಜ್ಯ ಬಜೆಟ್‌ನಲ್ಲಿ ಎರಡು ಸಾವಿರ ಹೆಚ್ಚಿಸಿದ ಮೇಲೂ ಪ್ರೌಢಶಾಲೆಯ ಅತಿಥಿ ಶಿಕ್ಷಕರ ತಿಂಗಳ ಗೌರವಧನ 12,500 ರೂಪಾಯಿ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಬಿ.ಎಸ್ಸಿ., ಬಿ.ಎಡ್. ಮಾಡಿದ ಒಬ್ಬ ಯುವತಿಗೆ ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ, ಮುಂದಿನ ಜೂನ್‌ನಲ್ಲಿ ಇದೇ ಶಾಲೆ ಸಿಗುವ ಖಾತ್ರಿಯಿಲ್ಲ. ಲಕ್ಷಗಟ್ಟಲೆ ಬೆಲೆಯ ಲ್ಯಾಬನ್ನು ನಾವು ಅವರ ಕೈಗೆ ಕೊಟ್ಟು ವಿಜ್ಞಾನಿಗಳನ್ನು ತಯಾರು ಮಾಡಿ ಎನ್ನುತ್ತೇವೆ.

ಉದ್ಘಾಟನೆ ಮುಗಿದ ಮೇಲೆ ಆ ಲ್ಯಾಬಿನ ಗತಿ ಏನಾಗುತ್ತದೆ ಎಂಬುದು ಸರ್ಕಾರಿ ಶಾಲೆಯ ಒಡನಾಟ ಇದ್ದವರಿಗೆಲ್ಲ ಗೊತ್ತು. ಬಂದ ಪ್ರತಿಯೊಂದು ಸಾಮಾನೂ ಸ್ಟಾಕ್ ರಿಜಿಸ್ಟರ್‌ಗೆ ಏರುತ್ತದೆ. ಒಂದು ಬೀಕರ್ ಒಡೆದರೆ, ಮೈಕ್ರೋಸ್ಕೋಪಿನ ಲೆನ್ಸ್ ಕಳೆದರೆ ಉತ್ತರ ಹೇಳಬೇಕಾದವರು ಮುಖ್ಯ ಶಿಕ್ಷಕರು. ಹಾಗಾಗಿ ಬೀಗ. ಬೀಗದ ಕೈ ಮುಖ್ಯ ಶಿಕ್ಷಕರ ಮೇಜಿನ ಡ್ರಾಯರ್‌ನಲ್ಲಿ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಚುನಾವಣೆ, ಸಮೀಕ್ಷೆ ಇವುಗಳ ನಡುವೆ ಡ್ರಾಯರ್ ತೆರೆಯಲು ಬಿಡುವೆಲ್ಲಿ? ಆಸಿಡ್, ಲಿಟ್ಮಸ್ ಕಾಗದ, ಗಾಜಿನ ಸ್ಲೈಡು ಮೊದಲ ವರ್ಷಕ್ಕೇ ಮುಗಿಯುತ್ತವೆ, ಮತ್ತೆ ತರಲು ಯಾವ ಬಾಬ್ತಿನಲ್ಲೂ ಹಣವಿಲ್ಲ. ಇದರ ಮೇಲೆ ನಮ್ಮ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಶಾಲೆಯೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ. ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೇ ಇಲ್ಲ. ಒಂದೂ ಪ್ರಯೋಗ ಮಾಡದೆ ಒಳ್ಳೆಯ ಅಂಕ ತೆಗೆಯಬಹುದಾದ ವ್ಯವಸ್ಥೆಯಲ್ಲಿ ಲ್ಯಾಬಿನ ಬಾಗಿಲು ತಾನಾಗಿ ತೆರೆದುಕೊಳ್ಳುವುದಿಲ್ಲ. ತೆರೆಯುವ ಹಟವಿರುವ ಶಿಕ್ಷಕರು ಬೇಕು, ಆ ಹಟಕ್ಕೆ ಬೆಂಬಲ ಬೇಕು.

ಇದನ್ನು ಸ್ವಂತ ದುಡ್ಡು ಹಾಕಿ ಕಲಿತವರು ಅಜೀಂ ಪ್ರೇಮ್‌ಜಿ. 1966ರಲ್ಲಿ ತಂದೆ ತೀರಿಕೊಂಡಾಗ ಸ್ಟ್ಯಾನ್‌ಫರ್ಡ್‌ನ ಎಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟು ಬಂದು, ಅಮಳನೇರಿನ ಅಡುಗೆ ಎಣ್ಣೆ ಕಂಪನಿಯನ್ನು ವಿಪ್ರೊ ಆಗಿ ಬೆಳೆಸಿದವರು. ಅವರ ಫೌಂಡೇಷನ್ ಶಾಲಾ ಶಿಕ್ಷಣಕ್ಕೆ ಕೈಹಾಕಿದ ಮೊದಲ ವರ್ಷಗಳಲ್ಲಿ ಮಾಡಿದ್ದು ಇವತ್ತು ಎಲ್ಲ ದಾನಿಗಳೂ ಮಾಡಲು ಹೊರಟಿರುವುದನ್ನೇ. ಕಂಪ್ಯೂಟರ್ ಮೂಲಕ ಕಲಿಕೆ ಎಂದು ಹಲವು ಭಾಷೆಗಳಲ್ಲಿ ಪಾಠದ ಸಿಡಿಗಳನ್ನು ತಯಾರಿಸಿ, ಹಲವು ರಾಜ್ಯಗಳ ಸಾವಿರಾರು ಸರ್ಕಾರಿ ಶಾಲೆಗಳಿಗೆ ಮುಟ್ಟಿಸಿದರು. ಕಂಪ್ಯೂಟರ್ ಕಂಪನಿ ಕಟ್ಟಿದವರಿಗೆ ಕಂಪ್ಯೂಟರಿನ ಮೇಲೆ ನಂಬಿಕೆ ಇದ್ದದ್ದು ಸಹಜ. ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲವೆಂದು ಕಂಡುಕೊಂಡಾಗ ಫೌಂಡೇಷನ್ ಅದನ್ನು ಮುಚ್ಚಿಡಲಿಲ್ಲ. ಯೋಜನೆಯನ್ನು ಕೈಬಿಟ್ಟಿತು, ಏಕೆ ಬಿಟ್ಟೆವೆಂದು ಬಹಿರಂಗವಾಗಿ ಹೇಳಿತು, ಶಿಕ್ಷಕರ ಕಡೆಗೆ ತಿರುಗಿತು. ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಲ್ಲಿ ತನ್ನ ಜನರನ್ನು ವರ್ಷಗಟ್ಟಲೆ ಉಳಿಸಿ, ಸರ್ಕಾರಿ ಶಿಕ್ಷಕರು ಸಂಜೆ ಹೊತ್ತು ಸೇರಿ ಪಾಠದ ತೊಡಕುಗಳನ್ನು ಚರ್ಚಿಸುವ ಕಲಿಕಾ ಕೇಂದ್ರಗಳನ್ನು ನಡೆಸಿತು. 2010ರಲ್ಲಿ ಶಿಕ್ಷಕರನ್ನೂ ಶಿಕ್ಷಣ ತಜ್ಞರನ್ನೂ ತಯಾರು ಮಾಡಲು ವಿಶ್ವವಿದ್ಯಾಲಯ ಕಟ್ಟಿತು. 2019ರ ಹೊತ್ತಿಗೆ ಪ್ರೇಮ್‌ಜಿ ಈ ಕೆಲಸಕ್ಕೆ ಮುಡಿಪಿಟ್ಟ ಸಂಪತ್ತಿನ ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿ.

ಇಷ್ಟು ಹಣ ಕೈಲಿದ್ದವರು ದೇಶದ ಶಾಲೆಗಳಿಗೆಲ್ಲ ಲ್ಯಾಬ್ ಹಂಚಿಬಿಡಬಹುದಿತ್ತು. ಹಂಚಲಿಲ್ಲ. ನಮ್ಮ ರಾಜ್ಯದ ಅತಿ ದೊಡ್ಡ ದಾನಿ ಸುಮಾರು ಎರಡು ದಶಕಗಳ ಹಿಂದೆಯೇ ಪರೀಕ್ಷಿಸಿ ಬಿಟ್ಟ ದಾರಿಯನ್ನು, ಲಕ್ಷಗಳಲ್ಲಿ ಕೊಡುವ ನೂರಾರು ಕಂಪನಿಗಳು ಇವತ್ತು ಹೊಸ ದಾರಿ ಎಂಬಂತೆ ಹಿಡಿದಿವೆ. ಪ್ರೇಮ್‌ಜಿಯ ಹೆಸರು ಹೇಳಿ ದಾನಿಗಳನ್ನು ಹುರಿದುಂಬಿಸುವವರು, ಅವರು ಕಲಿತ ಪಾಠವನ್ನೂ ಸೇರಿಸಿ ಹೇಳಬೇಕು.

ಇನ್ನೂ ಹಿಂದಕ್ಕೆ ಹೋದರೆ ಜೆಮ್‌ಷೆಡ್‌ಜಿ ಟಾಟಾ ಇದ್ದಾರೆ. ‘ಟಾಟಾ ಇನ್‌ಸ್ಟಿಟ್ಯೂಟ್ ಒಬ್ಬ ಉದ್ಯಮಿಯಿಂದಲೇ ಆಯಿತಲ್ಲ’ ಎಂದು ನನ್ನೊಡನೆ ವಾದಿಸುವವರು ಹೇಳುತ್ತಾರೆ. ಒಬ್ಬರಿಂದ ಆಗಲಿಲ್ಲ. 1890ರ ದಶಕದಲ್ಲಿ ಟಾಟಾ ತಮ್ಮ ಮುಂಬಯಿಯ ಆಸ್ತಿಯ ದೊಡ್ಡ ಪಾಲನ್ನು ಇದಕ್ಕೆ ಎತ್ತಿಟ್ಟರು, ಆದರೆ ಅಷ್ಟರಿಂದಲೇ ಸಂಸ್ಥೆ ನಿಲ್ಲುತ್ತದೆಂದು ಅವರು ತಿಳಿಯಲಿಲ್ಲ. ಸರ್ಕಾರವೂ ಸಂಸ್ಥಾನಗಳೂ ಹೆಗಲು ಕೊಡಬೇಕೆಂದು ವರ್ಷಗಟ್ಟಲೆ ಬೆನ್ನುಹತ್ತಿದರು. 1904ರಲ್ಲಿ ಅವರು ತೀರಿಕೊಂಡಾಗಲೂ ಸಂಸ್ಥೆ ಕಾಗದದ ಮೇಲೇ ಇತ್ತು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು, ಕಟ್ಟಡಕ್ಕೆ ಹಣ ಕೊಟ್ಟಿತು, ವರ್ಷವರ್ಷವೂ ಅನುದಾನ ಕೊಡಲು ಒಪ್ಪಿಕೊಂಡಿತು. ಬ್ರಿಟಿಷ್ ಸರ್ಕಾರವೂ ವಾರ್ಷಿಕ ಅನುದಾನಕ್ಕೆ ಒಪ್ಪಿತು. ಆಮೇಲೆ, 1909ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ಅಧಿಕೃತ ಹೆಸರಿನಲ್ಲಿ ಟಾಟಾ ಹೆಸರಿಲ್ಲ. ದಾನಿ ಮೊದಲ ಹೆಜ್ಜೆ ಇಟ್ಟರು, ರಾಜ್ಯ ತನ್ನ ಪಾಲನ್ನು ಹೊತ್ತಿತು. ನಮ್ಮ ನಾಡಿನಲ್ಲಿ ವಿಜ್ಞಾನಕ್ಕೆ ಸಂದ ಅತಿ ದೊಡ್ಡ ದಾನ ಕೆಲಸ ಮಾಡಿದ ಬಗೆ ಇದು. ಶಾಲೆಗಳ ವಿಷಯದಲ್ಲಿ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ದಾನಿ ಬಂದ ಕೂಡಲೇ ರಾಜ್ಯ ತನ್ನ ಹೆಗಲನ್ನು ಕೆಳಗಿಳಿಸುತ್ತದೆ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಒಂದಿದೆ, ಅದಕ್ಕೆ ಉತ್ತರ ಹೇಳಲೇಬೇಕು. ‘ಸರ್ಕಾರ ಹುದ್ದೆ ತುಂಬುವವರೆಗೆ ಮಕ್ಕಳು ಕಾಯಬೇಕೇನು? ಏನೂ ಇಲ್ಲದಿರುವುದಕ್ಕಿಂತ ಒಂದು ಲ್ಯಾಬಾದರೂ ಇರುವುದು ಮೇಲಲ್ಲವೇ?’ ಮಕ್ಕಳ ಮೇಲಿನ ಕಾಳಜಿಯಿಂದ ಬಂದ ಮಾತು ಇದು, ಹಾಗಾಗಿ ಗೌರವದಿಂದಲೇ ಉತ್ತರಿಸುತ್ತೇನೆ. ಲ್ಯಾಬ್ ಬಂದದ್ದರಿಂದ ಶಾಲೆಯ ಪರಿಸ್ಥಿತಿ ಇದ್ದಲ್ಲಿಯೇ ಇರುವುದಿಲ್ಲ, ಕೆಡುತ್ತದೆ. ಇಲಾಖೆಯ ದಾಖಲೆಯಲ್ಲಿ ‘ವಿಜ್ಞಾನ ಪ್ರಯೋಗಾಲಯ: ಇದೆ’ ಎಂದು ದಾಖಲಾಗುತ್ತದೆ. ಕೊರತೆ ಕಾಗದದಲ್ಲಿ ನೀಗಿದ ಮೇಲೆ ಅದರ ಬಗ್ಗೆ ಕೇಳುವವರ ದನಿಯೂ ಉಡುಗುತ್ತದೆ. ಶಿಕ್ಷಕರನ್ನು ಕೊಡಿ ಎಂದು ಬಿಇಒ ಕಚೇರಿಗೆ ಅಲೆಯುತ್ತಿದ್ದ ಪೋಷಕರು ಹೊಸ ಕೊಠಡಿ ನೋಡಿ ಸಮಾಧಾನಗೊಳ್ಳುತ್ತಾರೆ. ಕಾಯುವ ಮಕ್ಕಳು ಕಾಯುತ್ತಲೇ ಇರುತ್ತಾರೆ, ಕಾಯುತ್ತಿದ್ದಾರೆಂಬುದು ಮಾತ್ರ ಯಾರಿಗೂ ಕಾಣದಂತಾಗುತ್ತದೆ.

ಇನ್ನು ಕೆಲವರು ಸಂಚಾರಿ ಪ್ರಯೋಗಾಲಯಗಳತ್ತ ಬೊಟ್ಟು ಮಾಡುತ್ತಾರೆ. ಬ್ಯಾಂಕಿಂಗ್ ಬಿಟ್ಟು ಬಂದ ರಾಮ್‌ಜಿ ರಾಘವನ್ 1999ರಲ್ಲಿ ಸಂಗಡಿಗರ ಜೊತೆ ಕಟ್ಟಿದ ಅಗಸ್ತ್ಯ ಫೌಂಡೇಷನ್, ನಮ್ಮ ಗಡಿಗೆ ಅಂಟಿಕೊಂಡ ಕುಪ್ಪಂನಲ್ಲಿ 172 ಎಕರೆಯ ವಿಜ್ಞಾನ ಕೇಂದ್ರ ನಡೆಸುತ್ತಿದೆ. ಅದರ ವ್ಯಾನುಗಳು ಕರ್ನಾಟಕದ ಹಳ್ಳಿಶಾಲೆಗಳಿಗೂ ಬರುತ್ತವೆ. ಇದು ಒಳ್ಳೆಯ ಕೆಲಸ, ಅನುಮಾನವಿಲ್ಲ. ತಾನೇ ಸರ್ಕ್ಯೂಟ್ ಜೋಡಿಸಿ ಬಲ್ಬ್ ಹೊತ್ತಿಸಿದ ಹುಡುಗ ಆ ದಿನವನ್ನು ಮರೆಯುವುದಿಲ್ಲ. ಆದರೆ ವ್ಯಾನು ಹೋದ ಮಾರನೆಯ ದಿನ ಅವನಿಗೊಂದು ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆಯನ್ನು ಅವನು ಯಾರ ಹತ್ತಿರ ಕೇಳಬೇಕು? ತರಗತಿಯಲ್ಲಿ ನಿಂತಿರುವ ಶಿಕ್ಷಕರ ಹತ್ತಿರ. ಕುತೂಹಲ ಹುಟ್ಟಿಸುವುದು ಒಂದು ದಿನದಲ್ಲಿ ಆಗಬಹುದು, ಅದನ್ನು ಅರಿವಾಗಿ ಬೆಳೆಸಲು ವರ್ಷಗಳು ಬೇಕು. ವ್ಯಾನು ತರಗತಿಗೆ ಪೂರಕವಾಗಿ ಬರಬೇಕು, ತರಗತಿಯೇ ಇಲ್ಲದ ಕಡೆ ಅದರ ಶ್ರಮವೂ ವ್ಯರ್ಥ.

‘ಹಳ್ಳಿಯಲ್ಲಿ ವಿಜ್ಞಾನ ಇಲ್ಲ, ಅದನ್ನು ಹೊರಗಿನಿಂದ ತಂದು ಕೊಡಬೇಕು’ ಎಂಬ ತಿಳಿವಳಿಕೆಯೂ ಈ ದಾನದ ಹಿಂದಿದೆ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ. ರೇಷ್ಮೆ ಹುಳುವಿಗೆ ನಾಲ್ಕು ಜ್ವರ, ನಾಲ್ಕು ಸಲ ಪೊರೆ ಬಿಡುವುದು ಎಂದು ಇಲ್ಲಿನ ಮಕ್ಕಳಿಗೆ ಅಕ್ಷರ ಕಲಿಯುವ ಮುಂಚೆಯೇ ಗೊತ್ತು. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಎಂಬ ಹೆಸರುಗಳು ಮನೆಮಾತು. ಇವುಗಳಲ್ಲಿ ಗಂಟುರೋಗವನ್ನೇ ತೆಗೆದುಕೊಳ್ಳಿ. 1865ರಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಗಾರರನ್ನು ಈ ರೋಗ ದಿವಾಳಿ ಎಬ್ಬಿಸುತ್ತಿದ್ದಾಗ ಅಲ್ಲಿನ ಸರ್ಕಾರ ವಿಜ್ಞಾನಿ ಲೂಯಿ ಪಾಶ್ಚರ್‌ನನ್ನು ರೇಷ್ಮೆ ಸೀಮೆಗೆ ಕಳಿಸಿತು. ರೋಗ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ ಎಂದು ಅವನು ತೋರಿಸಿಕೊಟ್ಟ, ತಡೆಯುವ ಉಪಾಯವನ್ನೂ ಹೇಳಿದ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಹೊಳೆಯುವ ಅಂಡಾಕಾರದ ಬೀಜಕಣಗಳು ಕಂಡರೆ ಆ ಮೊಟ್ಟೆಗಳನ್ನೆಲ್ಲ ನಾಶ ಮಾಡಬೇಕು. ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆ ನಡೆಯುವುದು ಈ ತತ್ವದ ಮೇಲೆಯೇ. ರಾಮನಗರದ ಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ ಹೋಗುವ ಹುಡುಗಿಗೆ ಜೀವಕೋಶ, ಸೂಕ್ಷ್ಮಜೀವಿ, ಸೋಂಕು ಎಲ್ಲವನ್ನೂ ಈ ಒಂದು ಹನಿಯಿಂದ ಹೇಳಿಕೊಡಬಹುದು. ಮಾಗಡಿ ಸೀಮೆ ಬಿತ್ತನೆ ಗೂಡಿನ ಪ್ರದೇಶ. ಅಲ್ಲಿ ಸಾಕುವ ಶುದ್ಧ ಮೈಸೂರು ತಳಿಯನ್ನು ಬೇರೆ ತಳಿಯೊಡನೆ ಕೂಡಿಸಿ ಮಿಶ್ರತಳಿ ತೆಗೆಯುವುದೇ ಮೆಂಡೆಲನ ಪಾಠಕ್ಕೆ ಸಾಕು. ಇದಕ್ಕೆ ಬೇಕಾದದ್ದು ಒಂದು ಮೈಕ್ರೋಸ್ಕೋಪು, ಮತ್ತು ಮಕ್ಕಳನ್ನು ಬಿತ್ತನೆ ಕೋಠಿಗೆ ಕರೆದೊಯ್ದು ಪುಸ್ತಕಕ್ಕೂ ಮನೆಗೂ ಸಂಬಂಧ ತೋರಿಸಬಲ್ಲ ಒಬ್ಬ ಶಿಕ್ಷಕಿ.

ಕನಕಪುರ ತಾಲ್ಲೂಕಿನ ಕಬ್ಬಾಳಿಗೆ ಕಬ್ಬಾಳಮ್ಮನ ದರ್ಶನಕ್ಕೆ ಜನ ಸಾಲುಗಟ್ಟಿ ಹೋಗುತ್ತಾರೆ. ಅಲ್ಲಿನ ಬಂಡೆಯನ್ನು ನೋಡಲು ಪ್ರಪಂಚದ ನಾನಾ ಕಡೆಯ ಭೂವಿಜ್ಞಾನಿಗಳೂ ಬಂದಿದ್ದಾರೆ. ಬೂದು ಬಣ್ಣದ ಗ್ನೈಸ್ ಶಿಲೆ ತೇಪೆ ತೇಪೆಯಾಗಿ ಗಾಢ ಬಣ್ಣದ ಚಾರ್ನೊಕೈಟ್ ಆಗಿ ಮಾರ್ಪಟ್ಟಿರುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು ಎಂದು ಮೈಸೂರಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ರಾಮನಗರದ ಬೆಟ್ಟಗಳ ಕಲ್ಲಿಗೆ ಊರಿನ ಹಳೆಯ ಹೆಸರೇ ಅಂಟಿಕೊಂಡಿದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಅದನ್ನು ಭೂವಿಜ್ಞಾನದ ಪುಸ್ತಕಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತವೆ. ರಾಮದೇವರ ಬೆಟ್ಟದ ರಣಹದ್ದುಗಳಿಗಾಗಿ 2012ರಲ್ಲಿ ಧಾಮ ಘೋಷಣೆಯಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಮೂತ್ರಪಿಂಡ ಕೆಡಿಸಿ ದೇಶದ ರಣಹದ್ದುಗಳನ್ನೇ ಬಹುಪಾಲು ಅಳಿಸಿಹಾಕಿದ ಕಥೆ, ರಸಾಯನಶಾಸ್ತ್ರವನ್ನೂ ಪರಿಸರವನ್ನೂ ಒಟ್ಟಿಗೇ ಕಲಿಸುತ್ತದೆ. ಚನ್ನಪಟ್ಟಣದಲ್ಲಿ ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಘರ್ಷಣೆಯ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಘರ್ಷಣೆಯಿಂದ ಶಾಖ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವ ಕಿಟ್‌ನಲ್ಲಿದೆ? ಈ ಯಾವುದೂ ಕಂಪನಿಯ ಪೆಟ್ಟಿಗೆಯಲ್ಲಿ ಬರುವುದಿಲ್ಲ. ದೇಶಕ್ಕೆಲ್ಲ ಒಂದೇ ಎಂದು ತಯಾರಾದ ಕಿಟ್ಟಿಗೆ ಕಬ್ಬಾಳೂ ಗೊತ್ತಿಲ್ಲ, ಗಂಟುರೋಗವೂ ಗೊತ್ತಿಲ್ಲ.

ಕೊನೆಯದಾಗಿ ಇನ್ನೊಂದು ವಾದ, ಅತ್ಯಂತ ಅಪಾಯಕಾರಿಯಾದದ್ದು: ‘ನಮ್ಮ ಹಳ್ಳಿ ಮಕ್ಕಳಿಗೆ ವಿಜ್ಞಾನವೇಕೆ? ಕಾರ್ಖಾನೆ ಕೆಲಸಕ್ಕೆ ಬೇಕಾದ ಕೌಶಲ ಕಲಿಸಿದರೆ ಸಾಕು.’ ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಬಡ ಗ್ರಾಮೀಣ ಮಕ್ಕಳಿಗೆ ವಸತಿಯೊಡನೆ ತರಬೇತಿ ಕೊಡುತ್ತಿದೆ. ಅದು ಮೆಚ್ಚಬೇಕಾದ ಕೆಲಸ. ಆದರೆ ಅದು ಹತ್ತನೇ ತರಗತಿ ದಾಟಿದವರ ಬದುಕಿನ ದಾರಿ. ಹತ್ತನೇ ತರಗತಿವರೆಗೆ ಪ್ರತಿ ಮಗುವಿಗೂ ಪೂರ್ತಿ ವಿಜ್ಞಾನ ಸಲ್ಲಬೇಕು. ಬೆಂಗಳೂರಿನ ಮಗುವಿಗೆ ‘ಏಕೆ’ ಎಂದು ಕೇಳುವುದನ್ನೂ ಕನಕಪುರದ ಮಗುವಿಗೆ ‘ಹೇಗೆ’ ಮಾಡುವುದನ್ನೂ ಕಲಿಸಿದರೆ, ಹುಟ್ಟಿದ ಊರನ್ನು ನೋಡಿಯೇ ಹಣೆಬರಹ ಬರೆದಂತಾಯಿತು. ಚಂದ್ರಯಾನದ ಸಂಕೇತಗಳನ್ನು ಹಿಡಿಯುವ ಇಸ್ರೊದ 32 ಮೀಟರ್ ಆ್ಯಂಟೆನಾ 2008ರಿಂದ ನಿಂತಿರುವುದು ಬಿಡದಿಗೆ ಸಮೀಪದ ಬ್ಯಾಲಾಳಿನಲ್ಲಿ. ಅದರ ಸುತ್ತಲಿನ ಹಳ್ಳಿಗಳ ಮಕ್ಕಳು ಆ ಕೇಂದ್ರದಲ್ಲಿ ಕೂತು ಕೆಲಸ ಮಾಡುವ ಕನಸು ಕಾಣುವುದು ಅವರ ಹಕ್ಕು.

ಹಾಗಾದರೆ ದಾನಿಗಳು ಏನು ಮಾಡಬೇಕು? ಶಿಕ್ಷಕರ ಸಂಬಳ ಕೊಡುವುದು ಅವರ ಕೆಲಸವಲ್ಲ, ಅದು ಸರ್ಕಾರದ್ದು, ಸರ್ಕಾರದ್ದಾಗಿಯೇ ಉಳಿಯಬೇಕು. ಟಾಟಾ ಮಾಡಿದಂತೆ ಸರ್ಕಾರವೂ ಹೆಗಲು ಕೊಡಬೇಕೆಂದು ಬೆನ್ನುಹತ್ತಿ, ಷರತ್ತು ಹಾಕುವುದು ಅವರಿಂದ ಆಗುತ್ತದೆ. ಪಿಸಿಎಂ ಮತ್ತು ಸಿಬಿಝಡ್ ಹುದ್ದೆಗಳು ಕಾಯಂ ಆಗಿ ಭರ್ತಿಯಾದ ಶಾಲೆಗೆ ನಮ್ಮ ನೆರವು, ಖಾಲಿ ಇರುವ ಕಡೆ ಮೊದಲು ಹುದ್ದೆ ತುಂಬಿ ಎಂದು ಲಿಖಿತವಾಗಿ ಕೇಳಲಿ. ಇಂಥ ಪಾಲುದಾರಿಕೆ ಆಗದ ಮಾತೇನಲ್ಲ. 2024ರಲ್ಲಿ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಟ್ಟು ರಾಜ್ಯದ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ನಾಲ್ಕು ದಿನದ ಮೊಟ್ಟೆಯ ಹೊಣೆ ಹೊತ್ತಾಗ, ಉಳಿದ ಎರಡು ದಿನದ ಮೊಟ್ಟೆ ಸರ್ಕಾರದ್ದೇ ಆಗಿ ಉಳಿಯಿತು. ಯಾರ ಪಾಲು ಎಷ್ಟೆಂದು ಹಳ್ಳಿಯ ಪ್ರತಿ ತಾಯಿಗೂ ಲೆಕ್ಕ ಸಿಗುತ್ತದೆ. ಮೊಟ್ಟೆಯಲ್ಲಿ ಆದದ್ದು ಪಾಠದಲ್ಲಿ ಏಕಾಗಬಾರದು?

ಷರತ್ತಿನ ಜೊತೆಗೆ ಹಣವೂ ಸರಿಯಾದ ಕಡೆ ಹೋಗಲಿ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ವಿಜ್ಞಾನ ಶಿಕ್ಷಕರು ವಾರಕ್ಕೊಮ್ಮೆ ಸೇರಿ ಪ್ರಯೋಗ ಮಾಡಿ ನೋಡುವ, ಅನುಮಾನ ಬಗೆಹರಿಸಿಕೊಳ್ಳುವ ಕೇಂದ್ರ ತೆರೆಯಲಿ, ಅದನ್ನು ಕನಿಷ್ಠ ಹತ್ತು ವರ್ಷ ನಡೆಸಲಿ. ಮೂರು ವರ್ಷದ ಮಿತಿ ಕಂಪನಿಯ ಕಡ್ಡಾಯ ಖರ್ಚಿಗೆ ಮಾತ್ರ, ಉದ್ಯಮಿಯ ಸ್ವಂತ ಸಂಪತ್ತಿಗೆ ಅಂಥ ಕಟ್ಟಿಲ್ಲ. ಒಡೆದ ಬೀಕರಿಗೆ, ಮುಗಿದ ಆಸಿಡ್‌ಗೆ ವರ್ಷವರ್ಷ ಹಣ ಕೊಡಲಿ, ಒಡೆದರೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲವೆಂದು ಇಲಾಖೆಯಿಂದ ಬರೆಸಿಕೊಳ್ಳಲಿ. ಬಿತ್ತನೆ ಕೋಠಿಗೆ, ಕಬ್ಬಾಳಿಗೆ, ರಾಮದೇವರ ಬೆಟ್ಟಕ್ಕೆ ಮಕ್ಕಳನ್ನು ಕರೆದೊಯ್ಯುವ ಬಸ್ಸಿನ ಖರ್ಚು ಭರಿಸಲಿ. ಈ ಸೀಮೆಯ ಕಲ್ಲು, ಹುಳು, ಹಕ್ಕಿ, ಅರಗಿನ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಸಲಿ, ಇಲ್ಲಿನ ಶಿಕ್ಷಕರಿಂದಲೇ ಬರೆಸಲಿ.

ನಮ್ಮ ಕೆಲಸವೂ ಇದೆ. ಮುಂದಿನ ಸಲ ನಮ್ಮೂರ ಶಾಲೆಯಲ್ಲಿ ಲ್ಯಾಬ್ ಉದ್ಘಾಟನೆಗೆ ಕರೆ ಬಂದಾಗ ಎಸ್‌ಡಿಎಂಸಿಯವರು, ಪೋಷಕರು, ಹಳೆ ವಿದ್ಯಾರ್ಥಿಗಳು ದಾನಿಗೆ ಹಾರ ಹಾಕುವ ಮೊದಲು ವೇದಿಕೆಯ ಮೇಲಿರುವ ಶಾಸಕರನ್ನೂ ಅಧಿಕಾರಿಗಳನ್ನೂ ಒಂದೇ ಪ್ರಶ್ನೆ ಕೇಳಲಿ: ಈ ಕೊಠಡಿಯಲ್ಲಿ ನಾಳೆ ಪಾಠ ಮಾಡುವ ಕಾಯಂ ವಿಜ್ಞಾನ ಶಿಕ್ಷಕರು ಯಾರು? ಹೆಸರು ಹೇಳಿದರೆ ಹಾರ ಹಾಕೋಣ. ಹೇಳದಿದ್ದರೆ ಬೀಗದ ಕೈಯನ್ನು ಅಲ್ಲೇ ಅಧಿಕಾರಿಗಳಿಗೆ ಕೊಟ್ಟು, ಶಿಕ್ಷಕರನ್ನು ಕಳಿಸಿದ ದಿನ ಬಾಗಿಲು ತೆರೆಯೋಣ ಎಂದು ಹೇಳೋಣ. ಒಳ್ಳೆಯ ದಾನಿಗೆ ಇದರಿಂದ ಅವಮಾನವಾಗುವುದಿಲ್ಲ, ಅವರ ಹಣ ವ್ಯರ್ಥವಾಗುವುದು ತಪ್ಪುತ್ತದೆ. ಸರ್ಕಾರಕ್ಕೆ ಮುಜುಗರವಾಗುತ್ತದೆ, ಆಗಲೇಬೇಕು.